ಅಮೆರಿಕದಲ್ಲಿ ಜನನ, ಕರ್ನಾಟಕದಲ್ಲಿ ಬಾಲ್ಯ: ಜನ್ಮಸಿದ್ಧ ಪೌರತ್ವದ ಹಕ್ಕು ಮತ್ತು ಹೊಣೆ

ಉದ್ಯೋಗನಿಮಿತ್ತ ಅಮೆರಿಕಕ್ಕೆ ತೆರಳಿ, ಕೆಲವು ವರ್ಷಗಳ ನಂತರ ತಾಯ್ನಾಡಿಗೆ ಮರಳಿ, ಮನೆತನದ ವ್ಯಾಪಾರವನ್ನೋ ಸಣ್ಣ ಕೈಗಾರಿಕೆಯನ್ನೋ ವಹಿಸಿಕೊಂಡ ಕುಟುಂಬಗಳು ನಮ್ಮ ರಾಜ್ಯದಲ್ಲಿವೆ. ಅಲ್ಲಿ ಜನಿಸಿ, ಎಳವೆಯಲ್ಲಿಯೇ ಇಲ್ಲಿಗೆ ಬಂದು ಬೆಳೆದ ಇಂತಹ ಕುಟುಂಬಗಳ ಮಕ್ಕಳು ಪ್ರಾಪ್ತವಯಸ್ಕರಾಗಿ, ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕುವ ಹಂತ ತಲಪಿದಾಗ ಒಂದು ಪ್ರಶ್ನೆ ಏಳುತ್ತದೆ: ಮಗನಿಗೆ ಅಥವಾ ಮಗಳಿಗೆ ಅಮೆರಿಕದ ಪೌರತ್ವವನ್ನು ಈಗ ಪಡೆಯಬಹುದೇ?

ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ಗ್ರಹಿಕೆ ಅಡಗಿದೆ. ಜನ್ಮಸಿದ್ಧ ಪೌರತ್ವವು ಅರ್ಜಿ ಸಲ್ಲಿಸಿ ಪಡೆಯುವಂತಹದಲ್ಲ. ಅದು ಹುಟ್ಟಿದ ದಿನದಿಂದಲೇ ಇದೆ. ಅರ್ಜಿ ಸಲ್ಲಿಸುವುದು ಅದನ್ನು ರುಜುವಾತುಪಡಿಸುವ ದಾಖಲೆಗಾಗಿ ಮಾತ್ರ. ಹಕ್ಕು ಹೇಗೆ ಹುಟ್ಟಿನಿಂದ ಬಂದಿದೆಯೋ, ಅದಕ್ಕೆ ಅಂಟಿದ ಹೊಣೆಗಳೂ ಹಾಗೆಯೇ ಪಾಸ್‌ಪೋರ್ಟಿಗಾಗಿ ಕಾಯದೆ ಜೊತೆಗೇ ಬಂದಿರುತ್ತವೆ.

ಹಕ್ಕಿನ ಮೂಲ

ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಸೇರಿದ 14ನೆಯ ತಿದ್ದುಪಡಿಯು, ಆ ದೇಶದ ನೆಲದಲ್ಲಿ ಜನಿಸಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪೌರರೆಂದು ಸಾರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗಳಿಗೆ ಜನಿಸಿದ ವಾಂಗ್ ಕಿಮ್ ಆರ್ಕ್ ಎಂಬವರು ಚೀನಾ ಪ್ರವಾಸ ಮುಗಿಸಿ 1895ರಲ್ಲಿ ಮರಳಿದಾಗ ಅವರಿಗೆ ಪ್ರವೇಶ ನಿರಾಕರಿಸಲಾಯಿತು. 1898ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ತಂದೆತಾಯಿಗಳು ಪರದೇಶೀಯರಾದರೂ ಮಗ ಪೌರನೇ ಎಂದು ತೀರ್ಪಿತ್ತಿತು. ವಿದೇಶೀ ರಾಜತಾಂತ್ರಿಕರ ಮಕ್ಕಳು ಈ ನಿಯಮಕ್ಕೆ ಅಪವಾದ.

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ಈ ಹಕ್ಕನ್ನು ಮಿತಿಗೊಳಿಸುವ ಆದೇಶ ಹೊರಡಿಸಿದರು; ಅದು ನ್ಯಾಯಾಲಯಗಳ ಮೆಟ್ಟಿಲೇರಿತು. ಆದರೆ ಆ ಆದೇಶದ ಒಕ್ಕಣೆಯೇ ಹೇಳುವಂತೆ, ಅದು ಉದ್ದೇಶಿಸಿದ್ದು ಹೊರಡಿಸಿದ ದಿನದಿಂದ 30 ದಿನಗಳ ನಂತರ ಜನಿಸುವವರನ್ನು ಮಾತ್ರ. ಅದಕ್ಕೂ ಮೊದಲೇ ಜನಿಸಿ ಇಂದು ಪ್ರಾಪ್ತವಯಸ್ಕರಾಗಿರುವವರಿಗೆ ಅದು ಅನ್ವಯಿಸುವುದಿಲ್ಲ.

ಎಷ್ಟು ವರ್ಷ ಹೊರದೇಶದಲ್ಲಿ ಬೆಳೆದರೂ ಈ ಪೌರತ್ವ ತಾನಾಗಿ ಅಳಿಯುವುದಿಲ್ಲ. ಮಗುವಿನ ಪರವಾಗಿ ತಂದೆತಾಯಿಗಳು ಅದನ್ನು ತ್ಯಜಿಸುವಂತೆಯೂ ಇಲ್ಲ.

ರುಜುವಾತಿನ ದಾಖಲೆಗಳು

ಮುಖ್ಯ ದಾಖಲೆ ಜನನ ಪ್ರಮಾಣಪತ್ರ. ಅದನ್ನು ಜನನವಾದ ರಾಜ್ಯ, ಕೌಂಟಿ ಅಥವಾ ನಗರದ ನೋಂದಣಿ ಕಚೇರಿ ನೀಡಿರಬೇಕು. ತಂದೆತಾಯಿಗಳ ಹೆಸರು, ಅಧಿಕಾರಿಯ ಸಹಿ, ಮುದ್ರೆ ಇರಬೇಕು. ಜನನವಾದ ಒಂದು ವರ್ಷದೊಳಗೆ ನೋಂದಣಿಯಾಗಿರಬೇಕು. ಮಗುವಿನ ಪಾದದ ಗುರುತಿರುವ, ಆಸ್ಪತ್ರೆಯವರು ನೆನಪಿಗಾಗಿ ಕೊಡುವ ಪತ್ರ ಇದಕ್ಕೆ ಬದಲಾಗುವುದಿಲ್ಲ.

ಹದಿನಾರು ವರ್ಷಕ್ಕಿಂತ ಕೆಳಗಿನವರಿಗೆ ನೀಡುವ ಅಮೆರಿಕದ ಪಾಸ್‌ಪೋರ್ಟಿನ ಅವಧಿ 5 ವರ್ಷ. ಎಳವೆಯಲ್ಲಿ ಪಡೆದುದು ಮುಗಿದುಹೋಗಿದ್ದರೆ ಅಂಚೆಯ ಮೂಲಕ ನವೀಕರಣ ಸಾಧ್ಯವಿಲ್ಲ, ಡಿ.ಎಸ್.-11 ನಮೂನೆಯೊಂದಿಗೆ ಖುದ್ದಾಗಿ ಹಾಜರಾಗಬೇಕು. ಕರ್ನಾಟಕವು ಚೆನ್ನೈನಲ್ಲಿರುವ ಅಮೆರಿಕದ ದೂತಾವಾಸದ ವ್ಯಾಪ್ತಿಗೆ ಸೇರಿದೆ. ಅಂದಿನ ಶಿಶು ಇಂದಿನ ಅರ್ಜಿದಾರನೇ ಎಂದು ತೋರಿಸಲು ಹಳೆಯ ಪಾಸ್‌ಪೋರ್ಟ್, ಶಾಲಾ ದಾಖಲೆ, ವಿವಿಧ ವಯಸ್ಸಿನ ಭಾವಚಿತ್ರಗಳು ನೆರವಾಗುತ್ತವೆ. ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಕುಲನಾಮವಾಗಿ ದಾಖಲಾಗಿ, ಶಾಲೆಯಲ್ಲಿ ಅದೇ ಇನಿಷಿಯಲ್ ಆಗಿ ಉಳಿದಿರುವುದು ನಮ್ಮಲ್ಲಿ ಸಾಮಾನ್ಯ. ಈ ವ್ಯತ್ಯಾಸವನ್ನು ಮೊದಲೇ ಸರಿಪಡಿಸಿಕೊಳ್ಳುವುದು ಕ್ಷೇಮ.

ಅಮೆರಿಕದ ಪೌರನು ಆ ದೇಶವನ್ನು ಅಲ್ಲಿಯ ಪಾಸ್‌ಪೋರ್ಟಿನ ಮೇಲೆಯೇ ಪ್ರವೇಶಿಸಬೇಕು. ಆದ್ದರಿಂದ ವ್ಯಾಪಾರ ಮೇಳಕ್ಕೆ ಹೋಗಲು ವೀಸಾ ಕೋರಿದಾಗ, ಜನ್ಮಸ್ಥಳದ ಅಂಕಣ ನೋಡಿದೊಡನೆ ಈ ವಿಷಯ ಹೊರಬೀಳುತ್ತದೆ.

ಭಾರತದ ಕಾನೂನು

ಭಾರತವು ಪ್ರಾಪ್ತವಯಸ್ಕರಿಗೆ ಇಬ್ಬಗೆಯ ಪೌರತ್ವವನ್ನು ಮಾನ್ಯ ಮಾಡುವುದಿಲ್ಲ. ಪೌರತ್ವ ಅಧಿನಿಯಮ, 1955ರ 4ನೆಯ ಕಲಮಿನ ಮೂಲಕ ಭಾರತೀಯ ಪೌರತ್ವ ಪಡೆದ ಅಪ್ರಾಪ್ತವಯಸ್ಕರು ಬೇರೆ ದೇಶದ ಪೌರರೂ ಆಗಿದ್ದರೆ, ಪ್ರಾಪ್ತವಯಸ್ಸು ತಲಪಿದ 6 ತಿಂಗಳೊಳಗೆ ಆ ಪೌರತ್ವವನ್ನು ತ್ಯಜಿಸಬೇಕು. ತಪ್ಪಿದಲ್ಲಿ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಎರಡೂ ಪಾಸ್‌ಪೋರ್ಟ್‌ಗಳನ್ನು ಇರಿಸಿಕೊಂಡು ಅನುಕೂಲಕ್ಕೆ ತಕ್ಕಂತೆ ಬಳಸುವುದು ಶಿಕ್ಷಾರ್ಹ.

ಅಮೆರಿಕದ ಪೌರತ್ವ ಉಳಿಸಿಕೊಂಡವರಿಗೆ ಇಲ್ಲಿರುವ ಆಸರೆ ಸಾಗರೋತ್ತರ ಭಾರತೀಯ ಪೌರ ನೋಂದಣಿ, ಅಂದರೆ ಓ.ಸಿ.ಐ. ಕಾರ್ಡು. ಹೆಸರಿನಲ್ಲಿ ಪೌರ ಎಂದಿದ್ದರೂ ಅದು ಪೌರತ್ವವಲ್ಲ. ಇಲ್ಲಿ ವಾಸಿಸಬಹುದು, ವ್ಯಾಪಾರ ನಡೆಸಬಹುದು. ಆದರೆ ಮತದಾನದ ಹಕ್ಕಿಲ್ಲ, ಕೃಷಿಭೂಮಿ, ತೋಟ ಮತ್ತು ಫಾರಂಹೌಸ್ ಖರೀದಿಸುವಂತಿಲ್ಲ. ಅಡಿಕೆ, ಕಾಫಿ ತೋಟಗಳಿರುವ ವ್ಯಾಪಾರಿ ಕುಟುಂಬಗಳು ಇದನ್ನು ಗಮನಿಸಬೇಕು. ಉತ್ತರಾಧಿಕಾರವಾಗಿ ಬರುವ ಜಮೀನಿನ ನಿಯಮ ಖರೀದಿಯ ನಿಯಮಕ್ಕಿಂತ ಭಿನ್ನವಾಗಿದೆ. 20 ವರ್ಷ ತುಂಬುವ ಮೊದಲು ಪಡೆದ ಕಾರ್ಡನ್ನು, ಆ ವಯಸ್ಸಿನ ನಂತರ ಹೊಸ ಪಾಸ್‌ಪೋರ್ಟ್ ಪಡೆದಾಗ ಒಮ್ಮೆ ಬದಲಾಯಿಸಿಕೊಳ್ಳಬೇಕು.

ತೆರಿಗೆ: ವ್ಯಾಪಾರಸ್ಥರಿಗೆ ಮುಖ್ಯವಾದ ಅಂಶ

ಅಮೆರಿಕವು ತನ್ನ ಪೌರರಿಗೆ ಅವರು ಎಲ್ಲಿಯೇ ವಾಸಿಸಲಿ, ಜಗತ್ತಿನ ಎಲ್ಲ ಆದಾಯದ ಮೇಲೆ ತೆರಿಗೆ ವಿಧಿಸುತ್ತದೆ. ಹುಬ್ಬಳ್ಳಿಯಲ್ಲಿ ಗಳಿಸಿದ ಲಾಭವೂ ಅಲ್ಲಿಯ ವಿವರಪಟ್ಟಿಯಲ್ಲಿ ಕಾಣಿಸಬೇಕು. ಭಾರತದಲ್ಲಿ ತೆತ್ತ ಆದಾಯ ತೆರಿಗೆಗೆ ಅಲ್ಲಿ ರಿಯಾಯಿತಿ ದೊರಕುವುದುಂಟು. ಆದರೆ ಸಕ್ರಿಯ ಪಾಲುದಾರನ ಲಾಭವು ಸ್ವಯಂ ಉದ್ಯೋಗದ ಆದಾಯವೆನಿಸಿದರೆ, ಅದರ ಮೇಲಿನ ಸಾಮಾಜಿಕ ಭದ್ರತೆ ಮತ್ತು ವೈದ್ಯಕೀಯ ತೆರಿಗೆಯ ಸಾಮಾನ್ಯ ದರ ಶೇಕಡಾ 15.3. ಇದಕ್ಕೆ ಆ ರಿಯಾಯಿತಿ ಅನ್ವಯಿಸುವುದಿಲ್ಲ.

ಅಮೆರಿಕದ ಹೊರಗಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ, ಎಫ್‌ಬಾರ್ ಎಂಬ ಪ್ರತ್ಯೇಕ ವರದಿ ಕಡ್ಡಾಯ. ಸ್ವಂತ ಖಾತೆಯಷ್ಟೇ ಅಲ್ಲ, ಸಹಿ ಹಾಕುವ ಅಧಿಕಾರವಿರುವ ಸಂಸ್ಥೆಯ ಖಾತೆಯೂ ಇದರಲ್ಲಿ ಸೇರುತ್ತದೆ. ತಂದೆಯ ಅಂಗಡಿಯ ಚಾಲ್ತಿ ಖಾತೆಯ ಚೆಕ್ಕಿಗೆ ಸಹಿ ಹಾಕುವ ಮಗ, ಆ ಖಾತೆಯನ್ನು ವರದಿ ಮಾಡುವ ಹೊಣೆ ಹೊರುತ್ತಾನೆ. ಖಾಸಗಿ ನಿಯಮಿತ ಕಂಪನಿಯಲ್ಲಿ ಶೇಕಡಾ 10ರಷ್ಟು ಷೇರು ಪಡೆದರೆ 5471ನೆಯ ನಮೂನೆ ಸಲ್ಲಿಸಬೇಕಾಗುತ್ತದೆ. ಸಲ್ಲಿಸದಿದ್ದರೆ ದಂಡ 10,000 ಡಾಲರಿನಿಂದ ಆರಂಭ.

ಇದೆಲ್ಲ ಅಲ್ಲಿಯವರಿಗೆ ತಿಳಿಯುವುದಾದರೂ ಹೇಗೆ ಎಂದು ಭಾವಿಸುವಂತಿಲ್ಲ. ಫಾಟ್ಕಾ ಕಾಯಿದೆಗೆ ಸಂಬಂಧಿಸಿ ಭಾರತ ಮತ್ತು ಅಮೆರಿಕ 2015ರ ಜುಲೈ 9ರಂದು ಒಪ್ಪಂದಕ್ಕೆ ಸಹಿ ಹಾಕಿವೆ. ಖಾತೆ ತೆರೆಯುವಾಗ ಬ್ಯಾಂಕಿನವರು ಜನ್ಮಸ್ಥಳ ಕೇಳುವುದು ಈ ಕಾರಣದಿಂದಲೇ.

ಉದ್ದೇಶಪೂರ್ವಕವಲ್ಲದೆ ಹಿಂದಿನ ವರ್ಷಗಳ ವಿವರ ಸಲ್ಲಿಸದೆ ಉಳಿದವರಿಗೆ ಅಲ್ಲಿಯ ತೆರಿಗೆ ಇಲಾಖೆ ಒಂದು ಸರಳ ಯೋಜನೆ ರೂಪಿಸಿದೆ. ಹೊರದೇಶದಲ್ಲಿ ವಾಸಿಸುವ ಅರ್ಹರು 3 ವರ್ಷಗಳ ತೆರಿಗೆ ವಿವರಪಟ್ಟಿ ಮತ್ತು 6 ವರ್ಷಗಳ ಎಫ್‌ಬಾರ್ ಸಲ್ಲಿಸಿ, ಬಾಕಿ ತೆರಿಗೆಯನ್ನು ಬಡ್ಡಿಸಹಿತ ತೆತ್ತರೆ ದಂಡದಿಂದ ಪಾರಾಗಬಹುದು. ಇಲಾಖೆ ತಾನಾಗಿ ತನಿಖೆ ಆರಂಭಿಸಿದ ಮೇಲೆ ಈ ಅವಕಾಶವಿಲ್ಲ.

ಮುಂದಿನ ಪೀಳಿಗೆ

ಈ ಪೌರತ್ವ ತಲೆಮಾರಿನಿಂದ ತಲೆಮಾರಿಗೆ ತಾನಾಗಿ ಹರಿಯುವುದೆಂಬ ನಂಬಿಕೆಯೂ ಸರಿಯಲ್ಲ. ದಂಪತಿಗಳಲ್ಲಿ ಒಬ್ಬರು ಮಾತ್ರ ಅಮೆರಿಕದ ಪೌರರಾಗಿದ್ದು, ಮಗು ಭಾರತದಲ್ಲಿ ಜನಿಸಿದರೆ, ಆ ಪೌರರು ಮಗುವಿನ ಜನನಕ್ಕೆ ಮೊದಲು ಒಟ್ಟು 5 ವರ್ಷ, ಅದರಲ್ಲಿ 14 ವರ್ಷ ವಯಸ್ಸಿನ ನಂತರ 2 ವರ್ಷ, ಅಮೆರಿಕದಲ್ಲಿ ಇದ್ದಿರಬೇಕು. ಮೂರನೆಯ ವಯಸ್ಸಿನಲ್ಲಿ ಮರಳಿ ಇಲ್ಲಿಯೇ ಬೆಳೆದವರು ಈ ಷರತ್ತನ್ನು ಪೂರೈಸುವುದಿಲ್ಲ. ಅಂತೆಯೇ 21 ವರ್ಷ ತುಂಬಿದ ಪೌರರು ತಂದೆತಾಯಿಗಳ ಕಾಯಂ ವಾಸಕ್ಕೆ ಅರ್ಜಿ ಸಲ್ಲಿಸಬಹುದಾದರೂ, ಪೋಷಣೆಯ ಮುಚ್ಚಳಿಕೆಗಾಗಿ ತಾವು ಅಲ್ಲಿ ನೆಲಸಿರುವುದನ್ನು ಅಥವಾ ನೆಲಸಲಿರುವುದನ್ನು ತೋರಿಸಬೇಕು.

ನಿರ್ಧಾರಕ್ಕೆ ಮುನ್ನ

ಪೌರತ್ವವನ್ನು ಉಳಿಸಿಕೊಳ್ಳುವುದೂ ತ್ಯಜಿಸುವುದೂ ಆಯಾ ವ್ಯಕ್ತಿಯ ಆಯ್ಕೆ. ಉನ್ನತ ವ್ಯಾಸಂಗ ಅಥವಾ ರಫ್ತು ವಹಿವಾಟಿಗಾಗಿ ಅಮೆರಿಕದಲ್ಲಿ ನೆಲಸುವ ಇಚ್ಛೆಯುಳ್ಳವರಿಗೆ ಅದು ಅಮೂಲ್ಯ. ಇಲ್ಲಿಯೇ ಮನೆತನದ ವ್ಯವಹಾರ ನಡೆಸಲು ನಿಶ್ಚಯಿಸಿದವರಿಗೆ ಅದು ವರ್ಷಂಪ್ರತಿ ಲೆಕ್ಕ ಒಪ್ಪಿಸುವ ಬಾಧ್ಯತೆ. ತ್ಯಜಿಸುವವರು ಹಿಂದಿನ 5 ವರ್ಷಗಳ ತೆರಿಗೆ ಬಾಧ್ಯತೆ ಪೂರೈಸಿರುವುದಾಗಿ ದೃಢೀಕರಿಸಬೇಕಾಗುತ್ತದೆ ಎಂಬುದೂ ಗಮನಾರ್ಹ.

ಆದ್ದರಿಂದ ಅಮೆರಿಕದಲ್ಲಿ ಜನಿಸಿದ ಮಕ್ಕಳಿರುವ ವರ್ತಕರು, ಮಗುವಿಗೆ 17 ತುಂಬಿದಾಗಲೇ ಜನನ ಪ್ರಮಾಣಪತ್ರ ತರಿಸಿ, ಪಾಸ್‌ಪೋರ್ಟ್ ಮತ್ತು ಓ.ಸಿ.ಐ. ಸ್ಥಿತಿಯನ್ನು ಪರಿಶೀಲಿಸತಕ್ಕದ್ದು. ಪಾಲುದಾರಿಕೆ ಪತ್ರದಲ್ಲಿ ಹೆಸರು ಸೇರಿಸುವ, ಷೇರು ವರ್ಗಾಯಿಸುವ ಅಥವಾ ಬ್ಯಾಂಕಿನಲ್ಲಿ ಸಹಿಯ ಅಧಿಕಾರ ನೀಡುವ ಮೊದಲು, ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಉಚಿತ. ಸಹಿ ಬಿದ್ದ ದಿನದಿಂದಲೇ ವರದಿಯ ಹೊಣೆ ಆರಂಭವಾಗುತ್ತದೆ.