ತೀರ್ಪುಗಾರನ ಭಾಷೆ

ಆಟಕ್ಕೆ ಅಂಕಣ ಬೇಕು, ಚೆಂಡು ಬೇಕು, ಆಟಗಾರರು ಬೇಕು. ಇವೆಲ್ಲ ಇದ್ದರೂ ನ್ಯಾಯವಿಲ್ಲದಿದ್ದರೆ ಆಟ ಜಗಳವಾಗಿ ಮುಗಿಯುತ್ತದೆ. ಆದುದರಿಂದಲೇ ಪ್ರತಿಯೊಂದು ಆಟದಲ್ಲೂ ತೀರ್ಪುಗಾರನಿಗೆ ಸ್ಥಾನವಿದೆ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಅವನ ಕೆಲಸ ಇನ್ನೂ ಕಠಿಣವಾದುದು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದೊಳಗೆ ಹತ್ತು ಮಂದಿ ಒಂದೇ ಚೆಂಡಿಗಾಗಿ ಓಡುತ್ತಾರೆ, ನೆಗೆಯುತ್ತಾರೆ, ತಿರುಗುತ್ತಾರೆ. ತಪ್ಪು ಕ್ಷಣಮಾತ್ರದಲ್ಲಿ ನಡೆದುಹೋಗುತ್ತದೆ. ಅದನ್ನು ಕಂಡು ಸರಿಯಾಗಿ ನಿರ್ಣಯಿಸುವುದು ತೀರ್ಪುಗಾರನ ಅರ್ಧ ಕೆಲಸ ಮಾತ್ರ. ಆ ನಿರ್ಣಯವನ್ನು ಎಲ್ಲರಿಗೂ ಅರ್ಥವಾಗುವಂತೆ ತಿಳಿಸುವುದು ಉಳಿದ ಅರ್ಧ.

ಈ ಆಟವನ್ನು 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ರೂಪಿಸಿದರು. ಅವರು ಬರೆದ ನಿಯಮಗಳು 13. ಅವುಗಳಲ್ಲಿಯೇ ಇಬ್ಬರು ಅಧಿಕಾರಿಗಳ ಹೊಣೆಯನ್ನು ಬೇರೆ ಬೇರೆಯಾಗಿ ಹೇಳಲಾಗಿತ್ತು. ಅಂಪೈರ್ ಆಟಗಾರರ ನಡತೆಯನ್ನು ನೋಡಬೇಕು. ರೆಫರಿ ಚೆಂಡನ್ನೂ ಕಾಲವನ್ನೂ ಗಮನಿಸಬೇಕು. ಒಂದು ತಂಡ ಸತತವಾಗಿ ಮೂರು ತಪ್ಪುಗಳನ್ನು ಮಾಡಿದರೆ ಅಂಪೈರ್ ಅದನ್ನು ರೆಫರಿಗೆ ತಿಳಿಸಬೇಕೆಂಬ ವಿಧಿಯೂ ಇತ್ತು. ಒಬ್ಬನು ಕಂಡದ್ದನ್ನು ಮತ್ತೊಬ್ಬನಿಗೆ ತಿಳಿಸುವ ಕರ್ತವ್ಯ ಆಟದೊಡನೆಯೇ ಹುಟ್ಟಿತೆನ್ನಬಹುದು. 1932ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಹಲವು ಭಾಷೆಗಳ ಜನ ಒಂದೇ ಅಂಕಣದಲ್ಲಿ ಸೇರಿದಾಗ ಎಲ್ಲರಿಗೂ ಸಮಾನವಾದ ಒಂದು ಭಾಷೆ ಅಗತ್ಯವಾಯಿತು. ಅದೇ ಸೀಟಿಯ ಮತ್ತು ಸನ್ನೆಯ ಭಾಷೆ.

ಸೀಟಿ ಮೊಳಗಿತೆಂದರೆ ಆಟ ನಿಲ್ಲುತ್ತದೆ. ಅದರೊಡನೆಯೇ ತೀರ್ಪುಗಾರನ ಕೈ ಮೇಲೇಳುತ್ತದೆ. ಅಂಗೈ ತೆರೆದಿದ್ದರೆ ಆಟದ ಕ್ರಮಕ್ಕೆ ಭಂಗ ಬಂದಿದೆಯೆಂದು ಅರ್ಥ. ಮುಷ್ಟಿ ಬಿಗಿದಿದ್ದರೆ ಫೌಲ್ ನಡೆದಿದೆಯೆಂದು ಅರ್ಥ. ಎರಡು ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ, ಆಟಗಾರ ಚೆಂಡನ್ನು ಹಿಡಿದು ನಿಯಮ ಮೀರಿ ಹೆಜ್ಜೆಯಿಟ್ಟನೆಂದು ತಿಳಿಯಬೇಕು. ಎರಡೂ ಕೈಗಳನ್ನು ಸೊಂಟದ ಮೇಲಿಟ್ಟರೆ ಎದುರಾಳಿಯ ದಾರಿಗೆ ಅಡ್ಡನಿಂತನೆಂದು ಅರ್ಥ. ತಳ್ಳುವಂತೆ ಅಭಿನಯಿಸಿದರೆ ಅದು ತಳ್ಳಿದ ತಪ್ಪು. ಹೀಗೆ ಸನ್ನೆಗಳಲ್ಲಿ ಹಲವು ತಪ್ಪಿನ ಸ್ವರೂಪವನ್ನೇ ಹೋಲುತ್ತವೆ. ಹೊಸಬನಿಗೂ ಅವುಗಳ ಅರ್ಥ ಬೇಗ ಹೊಳೆಯುತ್ತದೆ.

ಫೌಲ್ ಆದೊಡನೆ ತೀರ್ಪುಗಾರನು ಅಂಕಣದ ಬದಿಯಲ್ಲಿರುವ ಮೇಜಿನವರಿಗೆ ಮೂರು ಸಂಗತಿಗಳನ್ನು ಕ್ರಮವಾಗಿ ತಿಳಿಸುತ್ತಾನೆ: ತಪ್ಪು ಮಾಡಿದವರ ಅಂಗಿಯ ಸಂಖ್ಯೆ, ತಪ್ಪಿನ ಬಗೆ, ಅದರ ಪರಿಣಾಮ. ಪರಿಣಾಮವೆಂದರೆ ಎಷ್ಟು ಫ್ರೀ ಥ್ರೋಗಳು, ಇಲ್ಲವೆ ಚೆಂಡು ಯಾವ ಕಡೆಗೆ ಎಂಬುದು. ಹಿಂದೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಂಗಿಯ ಸಂಖ್ಯೆಗಳು 4ರಿಂದ 15ರವರೆಗೆ ಮಾತ್ರ ಇದ್ದವು. 2014ರಲ್ಲಿ 99ರವರೆಗಿನ ಸಂಖ್ಯೆಗಳಿಗೆ ಅವಕಾಶ ದೊರೆತಾಗ ಸನ್ನೆಯೂ ಬೆಳೆಯಬೇಕಾಯಿತು. ಈಗ 16 ಮತ್ತು ಅದಕ್ಕೂ ಮೇಲಿನ ಸಂಖ್ಯೆಗಳಿಗೆ ಮೊದಲು ಕೈಯ ಹಿಂಭಾಗವನ್ನು ತೋರಿಸಿ ಹತ್ತರ ಸ್ಥಾನದ ಅಂಕಿಯನ್ನೂ, ಅನಂತರ ಅಂಗೈಯನ್ನು ತೋರಿಸಿ ಬಿಡಿಸ್ಥಾನದ ಅಂಕಿಯನ್ನೂ ಸೂಚಿಸುತ್ತಾರೆ. ಸನ್ನೆಯೊಡನೆ ಬಾಯಿಂದಲೂ ಹೇಳುವುದು ವಾಡಿಕೆ. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅದು ಇಂಗ್ಲಿಷಿನಲ್ಲಿ ನಡೆಯುತ್ತದೆ.

ಇಷ್ಟೊಂದು ಎಚ್ಚರ ಏಕೆ ಎಂಬ ಪ್ರಶ್ನೆ ಏಳಬಹುದು. ಐದು ಫೌಲ್‌ಗಳಾದ ಆಟಗಾರ ಅಂಕಣವನ್ನು ಬಿಡಬೇಕು. ಒಬ್ಬನ ತಪ್ಪು ಮತ್ತೊಬ್ಬನ ಲೆಕ್ಕಕ್ಕೆ ಸೇರಿದರೆ ನಿರಪರಾಧಿ ಹೊರಗೆ ಕುಳಿತುಕೊಳ್ಳಬೇಕಾದೀತು. 2017ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಪಂದ್ಯಾವಳಿ ನಡೆಯಿತು. ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತ ತಂಡ ಕಜಾಕಸ್ತಾನವನ್ನು 75–73ರಿಂದ ಸೋಲಿಸಿತು. ‘ಎ’ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯವನ್ನು 74–73ರಿಂದ ಗೆದ್ದಿತು. ಒಂದು ಕಡೆ ಎರಡೇ ಅಂಕ, ಇನ್ನೊಂದು ಕಡೆ ಒಂದೇ ಅಂಕ! ಇಂತಹ ಪಂದ್ಯಗಳಲ್ಲಿ ಒಂದು ಫ್ರೀ ಥ್ರೋ ಕೂಡ ಗೆಲುವನ್ನು ಸೋಲಾಗಿಸಬಲ್ಲದು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಆಟಗಾರ್ತಿಯರ ನಡುವೆ ತೀರ್ಪು ಸಂದೇಹಕ್ಕೆ ಎಡೆಯಿಲ್ಲದಂತೆ ತಲಪಬೇಕಾದರೆ ಸನ್ನೆ ಸ್ಪಷ್ಟವಾಗಿರಲೇಬೇಕು.

ತೀರ್ಪುಗಾರ ಹೇಳುವುದಷ್ಟೇ, ಉಳಿದವರು ಕೇಳುವುದಷ್ಟೇ ಎಂದು ಭಾವಿಸಬಾರದು. ಆಟಗಾರರಿಗೂ ಕೇಳುವ ಹಕ್ಕುಂಟು. ಆದರೆ ಹತ್ತು ಮಂದಿ ಒಮ್ಮೆಗೇ ಕೂಗಿದರೆ ಯಾರ ಮಾತೂ ಕೇಳಿಸದು. ಆದುದರಿಂದ ತಂಡದ ಪರವಾಗಿ ನಾಯಕನು ವಿವರ ಕೇಳಬಹುದೆಂದು ನಿಯಮ ಹೇಳುತ್ತದೆ. ಅವನು ಕೇಳುವುದು ಆಟ ನಿಂತು, ಗಡಿಯಾರವೂ ನಿಂತಿರುವಾಗ, ಅದೂ ಸೌಜನ್ಯದಿಂದ. ತರಬೇತುದಾರನು ತನ್ನ ತಂಡದ ಆಸನಗಳ ಪ್ರದೇಶದೊಳಗೆ ನಿಂತು ಆಟಗಾರರಿಗೆ ಸಲಹೆ ಕೊಡಬಹುದು. ಅವನಿಗೆ ಒಂದು ನಿಮಿಷದ ವಿರಾಮ ಬೇಕಾದರೆ ಅಂಕಣದೊಳಗಿನ ತೀರ್ಪುಗಾರನನ್ನು ಕೂಗುವಂತಿಲ್ಲ. ಮೇಜಿನವರನ್ನೇ ಗೊತ್ತಾದ ಸನ್ನೆಯೊಡನೆ ಕೇಳಬೇಕು.

ಮಾತು ಮರ್ಯಾದೆ ಮೀರಿದಾಗ, ಅಥವಾ ಯಾರಾದರೂ ತೀರ್ಪುಗಾರನ ಮೈಮುಟ್ಟಿ ಅಗೌರವ ತೋರಿದಾಗ, ತೀರ್ಪುಗಾರನು ಒಂದು ಅಂಗೈಯನ್ನು ಅಡ್ಡಲಾಗಿ, ಮತ್ತೊಂದನ್ನು ಅದರ ಕೆಳಗೆ ನೇರವಾಗಿ ಹಿಡಿದು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರವನ್ನು ತೋರಿಸುತ್ತಾನೆ. ಅದು ಟೆಕ್ನಿಕಲ್ ಫೌಲ್. ಎದುರು ತಂಡಕ್ಕೆ ಒಂದು ಫ್ರೀ ಥ್ರೋ ದೊರೆಯುತ್ತದೆ. ಒಬ್ಬನೇ ಆಟಗಾರ ಇಂತಹ ಎರಡು ತಪ್ಪು ಮಾಡಿದರೆ ಪಂದ್ಯದಿಂದ ಹೊರಗೆ ಹೋಗಬೇಕು. ಆದರೆ ಒಳ್ಳೆಯ ತೀರ್ಪುಗಾರನು ಈ ಅಸ್ತ್ರವನ್ನು ಸುಮ್ಮನೆ ಎತ್ತುವುದಿಲ್ಲ. ಸಣ್ಣ ತಪ್ಪಿಗೆ ಮೊದಲು ಎಚ್ಚರಿಕೆಯ ಮಾತು ಸಾಕಾಗುತ್ತದೆ. ಅವನ ದನಿ ಏರಿದಷ್ಟೂ ಎದುರಿನವನ ದನಿಯೂ ಏರುತ್ತದೆಂಬುದನ್ನು ಅವನು ಬಲ್ಲ. ಪ್ರಶ್ನೆ ಕೇಳಿದವನನ್ನು ವೈರಿಯೆಂದು ಎಣಿಸದೆ, ಕೆಲವೇ ಮಾತುಗಳಲ್ಲಿ ಶಾಂತವಾಗಿ ಉತ್ತರಿಸುತ್ತಾನೆ.

ತೀರ್ಪು ಅನ್ಯಾಯವೆಂದು ತೋರಿದರೆ ಏನು ಗತಿ? ಅದಕ್ಕೂ ದಾರಿಯಿದೆ. ನಿಯಮದಲ್ಲಿ ಹೇಳಿರುವ ಕೆಲವು ಕಾರಣಗಳಿಗಾಗಿ ತಂಡವು ಪ್ರತಿಭಟನೆ ಸಲ್ಲಿಸಬಹುದು. ಆಗ ನಾಯಕನು ಪಂದ್ಯ ಮುಗಿದ 15 ನಿಮಿಷಗಳೊಳಗೆ ಅಂಕಪತ್ರದಲ್ಲಿ ಅದಕ್ಕೆಂದೇ ಬಿಟ್ಟಿರುವ ಸ್ಥಳದಲ್ಲಿ ಸಹಿ ಮಾಡಬೇಕು. ಕೂಗಾಟಕ್ಕೆ ಸಿಗದ ಬೆಲೆ ಆ ಒಂದು ಸಹಿಗೆ ಸಿಗುತ್ತದೆ.

ಚಿಕ್ಕಬಳ್ಳಾಪುರದ ಸೀಮೆಯಲ್ಲಿರುವ ಮಂಡಿಕಲ್ಲಿನಂತಹ ಊರುಗಳಲ್ಲಿ ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಮತ್ತೊಂದು ಭಾಷೆ ಆಡುವ ಮಕ್ಕಳು ಒಂದೇ ತಂಡದಲ್ಲಿರುತ್ತಾರೆ. ಮೇಲೆತ್ತಿದ ಮುಷ್ಟಿಗೆ ಮಾತ್ರ ಎರಡೂ ಭಾಷೆಗಳವರಿಗೆ ಒಂದೇ ಅರ್ಥ. ಬೆಂಗಳೂರಿನ ದೊಡ್ಡ ಕ್ರೀಡಾಂಗಣದಲ್ಲಿ ನಡೆಯುವ ನಿಯಮವೇ ಹಳ್ಳಿಯ ಶಾಲೆಯ ಮಣ್ಣಿನ ಅಂಕಣಕ್ಕೂ ಸಲ್ಲುತ್ತದೆ.

ಅಧಿಕಾರವುಳ್ಳವನು ತನ್ನ ನಿರ್ಣಯವನ್ನು ಬಚ್ಚಿಡದೆ ಎಲ್ಲರ ಕಣ್ಣೆದುರಿಗೆ ತಿಳಿಸಬೇಕು; ಅದಕ್ಕೆ ಒಳಪಟ್ಟವನು ಕೇಳಬೇಕಾದ ಹೊತ್ತಿನಲ್ಲಿ, ಕೇಳಬೇಕಾದ ರೀತಿಯಲ್ಲಿ ಕೇಳಬೇಕು. ಇವೆರಡೂ ಇದ್ದಲ್ಲಿ ಸೋತವನೂ ಗೆದ್ದವನ ಕೈಕುಲುಕಿ ಮನೆಗೆ ಹೋಗುತ್ತಾನೆ. ಬ್ಯಾಸ್ಕೆಟ್‌ಬಾಲ್ ಅಂಕಣ ಕಲಿಸುವ ಈ ಪಾಠ ಅಂಕಣದ ಗೆರೆಯಾಚೆಗೂ ಉಪಯುಕ್ತವಾದುದು.