ಹಡಗು ನಾಳೆ ಹೊರಡೋದು, ಲಾಡ್ಜ್ ಇವತ್ತೇ ಯಾಕೆ? ಕ್ರೂಸ್ ಹಿಂದಿನ ರಾತ್ರಿಯ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು

ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಸಮುದ್ರ ದೂರ. ಆದರೆ ಮುಂಬೈ ದೂರವಲ್ಲ. ದುಡಿಯಲು ಮುಂಬೈ, ಪುಣೆ, ಹೈದರಾಬಾದ್‌ಗೆ ಹೋದವರು ಈ ತಾಲೂಕುಗಳ ಊರೂರಲ್ಲೂ ಇದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೆಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಮುಂಬೈಯಿಂದ ಪ್ರವಾಸ ಶುರು ಮಾಡಿದ ಮೇಲೆ ಕ್ರೂಸ್ ಅನ್ನುವುದು ಬರೀ ಸಿನಿಮಾದಲ್ಲಿ ನೋಡುವ ವಿಷಯವಾಗಿ ಉಳಿದಿಲ್ಲ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅಪ್ಪ-ಅಮ್ಮನನ್ನು ಹಡಗಿನಲ್ಲಿ ಕರೆದುಕೊಂಡು ಹೋಗಬೇಕು ಅನ್ನುವ ಮಕ್ಕಳು ನಮ್ಮ ಕಡೆಯೂ ಇದ್ದಾರೆ.

ಟಿಕೆಟ್ ಬುಕ್ ಆದ ಕೂಡಲೇ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಚರ್ಚೆ ಶುರುವಾಗುತ್ತದೆ. ಒಂದು ದಿನ ಮೊದಲೇ ಹೋಗಿ ಮುಂಬೈಯಲ್ಲಿ ಲಾಡ್ಜ್ ಮಾಡಬೇಕಾ, ಅಥವಾ ರಾತ್ರಿ ಬಸ್ಸಿಗೆ ಹತ್ತಿ ಬೆಳಿಗ್ಗೆ ನೇರ ಬಂದರಿಗೆ ಇಳಿದರೆ ಸಾಕಾ? ಅದರ ಬೆನ್ನಿಗೇ ಫಾರ್ವರ್ಡ್‌ಗಳ ಸುರಿಮಳೆ. ಅವುಗಳಲ್ಲಿ ಪದೇ ಪದೇ ಬರುವ ಕೆಲವನ್ನು ಇಲ್ಲಿ ನೋಡೋಣ. (ನಮ್ಮ ಕಡೆ ಹೋಟೆಲ್ ಅಂದರೆ ಸುಸಲಾ, ಭಜಿ, ಚಹಾ ಸಿಗುವ ಜಾಗ. ಮಲಗಲು ಹೋಗುವುದು ಲಾಡ್ಜಿಗೆ. ಹಾಗಾಗಿ ಇಲ್ಲಿ ಲಾಡ್ಜ್ ಅಂತಲೇ ಬರೆಯುತ್ತೇನೆ.)

"ಟಿಕೀಟ್ ತಗೊಂಡೀವಿ, ಬಿಟ್ಟು ಹ್ಯಾಂಗ ಹೋಗ್ತದ?"

ಇದು ಫಾರ್ವರ್ಡ್ ಅಲ್ಲ, ಗ್ರೂಪಿನ ಹಿರಿಯರೊಬ್ಬರ ಮಾತು. ಎಲ್ಲಕ್ಕಿಂತ ದುಬಾರಿ ತಪ್ಪು ತಿಳಿವಳಿಕೆ ಇದೇ. ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ "ನಮ್ಮ ಮಂದಿ ಇನ್ನೂ ಇಬ್ಬರು ಬರಬೇಕು" ಅಂದರೆ ಐದು ನಿಮಿಷ ನಿಲ್ಲಿಸಬಹುದು. ಹಡಗು ನಿಲ್ಲುವುದಿಲ್ಲ. ಟಿಕೆಟ್‌ನಲ್ಲಿ ಸಂಜೆ 5ಕ್ಕೆ ಹೊರಡುತ್ತದೆ ಎಂದಿದ್ದರೆ 4.30ಕ್ಕೆ ಹೋಗಿ ನಿಂತರೂ ಒಳಗೆ ಬಿಡುವುದಿಲ್ಲ. ಹತ್ತುವ ಬಾಗಿಲು ಸಾಮಾನ್ಯವಾಗಿ ಹೊರಡುವ ಒಂದೆರಡು ಗಂಟೆ ಮೊದಲೇ ಮುಚ್ಚಿರುತ್ತದೆ. ನೀವು ನೋಡಬೇಕಾದದ್ದು ಆ 'ಬೋರ್ಡಿಂಗ್ ಮುಕ್ತಾಯ'ದ ಸಮಯವನ್ನು, ಹೊರಡುವ ಸಮಯವನ್ನಲ್ಲ.

ಅಷ್ಟು ಬೇಗ ಯಾಕೆ? ಇದರ ಹಿಂದೆ ಒಂದು ದುರಂತದ ಕಥೆ ಇದೆ. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕೋರ್ಡಿಯಾ' ಎಂಬ ಭಾರಿ ಪ್ರವಾಸಿ ಹಡಗು ಬಂಡೆಗೆ ತಾಗಿ ವಾಲಿತು. 32 ಜನ ಸತ್ತರು. ಅವತ್ತೇ ಹಡಗು ಹತ್ತಿದ್ದ ನೂರಾರು ಜನರಿಗೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಎಂಬ ತರಬೇತಿ ಆಗಿರಲಿಲ್ಲ. ಆಗಿನ ನಿಯಮದಲ್ಲಿ ಹತ್ತಿದ 24 ಗಂಟೆಯೊಳಗೆ ಅದನ್ನು ಮಾಡಿದರೆ ಸಾಕಿತ್ತು. ಆಮೇಲೆ ಅಂತರರಾಷ್ಟ್ರೀಯ ಸಮುದ್ರ ಸುರಕ್ಷತಾ ಒಪ್ಪಂದ 'ಸೋಲಾಸ್' ಅನ್ನು ತಿದ್ದಿದರು. 2015ರ ಜನವರಿ 1ರಿಂದ ಈ ತರಬೇತಿ ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ತಕ್ಷಣವೇ ಆಗಬೇಕು. ಇದರ ಜೊತೆಗೆ ಹೊರಡುವ ಮುನ್ನ ಹಡಗಿನಲ್ಲಿರುವ ತಲೆಗಳ ಲೆಕ್ಕ ಪಕ್ಕಾ ಆಗಬೇಕು. ಇನ್ನು ಮುಂಬೈಯಂಥ ದೊಡ್ಡ ಬಂದರಿನಲ್ಲಿ ಹಡಗನ್ನು ಹೊರಗೆ ದಾಟಿಸುವುದಕ್ಕೆ ಬಂದರಿನ ಪೈಲಟ್ ಬರಬೇಕು, ಅವರಿಗೂ ಸಮಯ ಗೊತ್ತು ಮಾಡಿರುತ್ತದೆ. ನಿಮ್ಮ ಬಸ್ಸು ಖಂಡಾಲಾ ಘಾಟಿನಲ್ಲಿ ಸಿಕ್ಕಿಕೊಂಡಿದೆ ಎಂಬುದು ಈ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಹಾಗಾದರೆ ಎಲ್ಲರೂ ಲಾಡ್ಜ್ ಮಾಡಲೇಬೇಕಾ?

ಇಲ್ಲ. "ಹಿಂದಿನ ದಿನ ಹೋಗದಿದ್ದರೆ ಹಡಗು ತಪ್ಪಿದಂತೆಯೇ" ಎಂದು ಹೆದರಿಸುವ ಸಂದೇಶಗಳೂ ಪೂರ್ತಿ ಸರಿಯಲ್ಲ. ಲೆಕ್ಕ ಹಾಕಿ ನೋಡಿ. ನಾಲ್ಕು ಜನರ ಕ್ರೂಸ್ ಟಿಕೆಟ್ 80,000 ರೂಪಾಯಿ, ಲಾಡ್ಜಿನ ಖರ್ಚು 4,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಹಡಗು ತಪ್ಪುವ ಸಂಭವ ಇಪ್ಪತ್ತರಲ್ಲಿ ಒಂದಕ್ಕಿಂತ ಹೆಚ್ಚಿದೆ ಅನ್ನಿಸಿದರೆ ಲಾಡ್ಜ್ ಲಾಭ. ನೂರರಲ್ಲಿ ಒಂದು ಅಷ್ಟೇ ಅನ್ನಿಸಿದರೆ ಬರೀ ದುಡ್ಡಿನ ಲೆಕ್ಕದಲ್ಲಿ ಲಾಡ್ಜ್ ನಷ್ಟ.

ಈ ಸಂಭವ ನೀವು ಹೇಗೆ ಹೋಗುತ್ತೀರಿ ಎಂಬುದರ ಮೇಲಿದೆ. ಹುಮನಾಬಾದಿನಿಂದ ಅಥವಾ ಬಸವಕಲ್ಯಾಣದವರು ಹತ್ತುವ ಸಸ್ತಾಪುರ ಬಂಗ್ಲಾದಿಂದ ಹೆದ್ದಾರಿ 65 ಹಿಡಿದು ಸೊಲ್ಲಾಪುರ, ಪುಣೆ ದಾಟಿ ಮುಂಬೈಗೆ ಸುಮಾರು 550 ಕಿ.ಮೀ. ರಾತ್ರಿ 9ಕ್ಕೆ ಹೊರಟ ಬಸ್ಸು ಎಲ್ಲ ಸರಿ ಇದ್ದರೆ ಬೆಳಿಗ್ಗೆ 8-9ಕ್ಕೆ ಮುಂಬೈ ಸೇರಬಹುದು. ಪುಣೆ ಹತ್ತಿರ ಎರಡು ತಾಸು ಜಾಮ್, ಮುಂಬೈ ಒಳಗೆ ಇನ್ನೊಂದು ತಾಸು ಅಂದರೆ ಮಧ್ಯಾಹ್ನದ ಹೊತ್ತಾಯಿತು. ಟಯರ್ ಪಂಕ್ಚರ್ ಆದರೆ ಬದಲಿ ದಾರಿ ಇಲ್ಲ.

ರೈಲಿನ ಲೆಕ್ಕ ಬೇರೆ. ಬೀದರ್-ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಪೂರ್ತಿಯಾದ ಮೇಲೆ ಹುಮನಾಬಾದಿನಿಂದ ಕಲಬುರಗಿಗೆ ರೈಲಿದೆ. ಕಲಬುರಗಿ ಚೆನ್ನೈ-ಮುಂಬೈ ಮುಖ್ಯ ಮಾರ್ಗದ ಮೇಲಿದೆ. ಸಂಜೆ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿದರೆ ನಸುಕಿನಲ್ಲಿ ಮುಂಬೈ ಸಿಎಸ್‌ಎಂಟಿ. ಕ್ರೂಸ್ ಟರ್ಮಿನಲ್ ಇರುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಎರಡು ಕಿ.ಮೀ. ಆಸುಪಾಸು. ರೈಲು ಮೂರು ತಾಸು ತಡವಾದರೂ ಕೈಯಲ್ಲಿ ಸಮಯ ಉಳಿಯುತ್ತದೆ. ಸ್ನಾನಕ್ಕೆ, ಒಂದಿಷ್ಟು ಬೆನ್ನು ಚಾಚುವುದಕ್ಕೆ ಸ್ಟೇಷನ್ನಿನ ರಿಟೈರಿಂಗ್ ರೂಮನ್ನು ರೈಲು ಟಿಕೆಟ್‌ನ ಪಿಎನ್‌ಆರ್ ಮೇಲೆ ಬುಕ್ ಮಾಡಬಹುದು, ಆದರೆ ಬೇಗ ತುಂಬಿಹೋಗುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಚಳಿಗಾಲದಲ್ಲಿ ರೈಲಿನಲ್ಲಿ ಹೋಗುವ ಗಟ್ಟಿಮುಟ್ಟಾದ ಇಬ್ಬರು ಗೆಳೆಯರಿಗೆ ಲಾಡ್ಜ್ ಬೇಡ. ಬಸ್ಸಿನಲ್ಲಿ ಹೋಗುವವರು, ಮಳೆಗಾಲದ ಅಂಚಿನಲ್ಲಿ ಹೋಗುವವರು, ಮಂಡಿನೋವಿನ ತಾಯಿ ಅಥವಾ ಸಕ್ಕರೆ ಕಾಯಿಲೆಯ ತಂದೆಯನ್ನು ಕರೆದುಕೊಂಡು ಹೋಗುವವರು ಲಾಡ್ಜ್ ಮಾಡಲಿ. ಹನ್ನೆರಡು ತಾಸು ಬಸ್ಸಿನಲ್ಲಿ ಕುಳಿತು, ಮತ್ತೆ ಬಂದರಿನ ಸರದಿಯಲ್ಲಿ ಎರಡು ತಾಸು ನಿಂತರೆ ಕಾಲು ಊದುತ್ತದೆ.

"ಲಾಡ್ಜ್ ಯಾಕ, ಕಾಕಾನ ಮನಿ ಅದಲ್ಲಾ" ಅನ್ನುವವರಿಗೆ ಒಂದು ಮಾತು. ನಮ್ಮವರ ಮನೆಗಳು ಹೆಚ್ಚಾಗಿ ಇರುವುದು ಕಲ್ಯಾಣ, ಡೊಂಬಿವಲಿ, ಪನ್ವೇಲ್ ಕಡೆ. ಬಸವಕಲ್ಯಾಣದಿಂದ ಹೊರಟು ಮುಂಬೈಯ ಕಲ್ಯಾಣದಲ್ಲಿ ಉಳಿದರೆ ಬಂದರು ಇನ್ನೂ ಐವತ್ತಕ್ಕೂ ಹೆಚ್ಚು ಕಿ.ಮೀ. ದೂರವೇ. ಹಡಗು ಭಾನುವಾರ ಹೊರಡುವುದಾದರೆ ಲೋಕಲ್ ರೈಲಿನ 'ಮೆಗಾ ಬ್ಲಾಕ್' ಇದೆಯಾ ಎಂದು ಕಾಕಾನನ್ನೇ ಕೇಳಿ. ದುರಸ್ತಿಗಾಗಿ ಭಾನುವಾರ ಕೆಲವು ತಾಸು ಹಳಿ ಬಂದ್ ಮಾಡುವುದು ಅಲ್ಲಿ ಮಾಮೂಲು.

"1867ರ ಕಾನೂನಿನ ಪ್ರಕಾರ ಯಾವ ಹೋಟೆಲಿನಲ್ಲಾದರೂ ನೀರು, ಟಾಯ್ಲೆಟ್ ಫ್ರೀ"

ಲಾಡ್ಜ್ ಬೇಡ, ಬೆಳಿಗ್ಗೆ ಯಾವುದಾದರೂ ದೊಡ್ಡ ಹೋಟೆಲಿಗೆ ನುಗ್ಗಿ ಮುಖ ತೊಳೆದರಾಯಿತು ಎಂಬ ಧೈರ್ಯ ಕೊಡುವ ಫಾರ್ವರ್ಡ್ ಇದು. ಪಂಚತಾರಾ ಹೋಟೆಲ್ ಕೂಡ ಇಲ್ಲ ಅನ್ನುವಂತಿಲ್ಲ ಎಂದು ಬೇರೆ ಸೇರಿಸಿರುತ್ತಾರೆ.

ಸರಾಯ್ ಕಾಯ್ದೆ, 1867 ಎಂಬುದು ನಿಜವಾಗಿಯೂ ಇದೆ. ಪ್ರಯಾಣಿಕರು ತಂಗುವ ಸರಾಯಿಗಳನ್ನು ನೋಂದಣಿ ಮಾಡಿಸುವುದಕ್ಕೆ ಬ್ರಿಟಿಷರು ಮಾಡಿದ ಕಾನೂನು. ಅದರ ಏಳನೇ ಕಲಮಿನಲ್ಲಿ ಸರಾಯಿ ನಡೆಸುವವನ ಕರ್ತವ್ಯಗಳಿವೆ. ಅಂಟುರೋಗದವರು ಬಂದರೆ ಪೊಲೀಸರಿಗೆ ತಿಳಿಸಬೇಕು. ಕೋಣೆ, ಚರಂಡಿ, ನೀರು ಸೇದುವ ಬಾವಿ-ಕೆರೆಗಳನ್ನು ಸ್ವಚ್ಛವಾಗಿಡಬೇಕು. ಕಾವಲುಗಾರರನ್ನು ಇಡಬೇಕು. ದರಪಟ್ಟಿ ಹಾಕಬೇಕು. ಮುಕ್ತ ಪ್ರವೇಶದ ಮಾತೂ ಅಲ್ಲಿದೆ, ಆದರೆ ಅದು ತಪಾಸಣೆಗೆ ಬರುವ ಮ್ಯಾಜಿಸ್ಟ್ರೇಟರಿಗೆ! ದಾರಿಹೋಕರಿಗೆ ಪುಕ್ಕಟೆ ಟಾಯ್ಲೆಟ್ ಕೊಡಬೇಕು ಎಂದು ಅಲ್ಲಿಲ್ಲ. ಕೇಳಿದರೆ ಎಷ್ಟೋ ಹೋಟೆಲಿನವರು ಬಿಡುತ್ತಾರೆ, ಅದು ಅವರ ಒಳ್ಳೆಯತನ. ಕಾನೂನು ತೋರಿಸಿ ಜಗಳಕ್ಕೆ ನಿಂತರೆ ನಿಮ್ಮ ಬೆಳಗು ಹಾಳು.

"ಲಾಡ್ಜಿಗೆ ಆಧಾರ್ ಕೊಟ್ಟರೆ ಖಾತೆ ಖಾಲಿ"

ಈ ಭಯಕ್ಕೆ ಒಂದು ಹಿನ್ನೆಲೆ ಇದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ ಎಂದು ಅದರಲ್ಲಿತ್ತು. ಜನ ಗಾಬರಿಯಾದರು. ತಪ್ಪು ಅರ್ಥ ಬರುತ್ತಿದೆ ಎಂದು ಎರಡೇ ದಿನಕ್ಕೆ, ಮೇ 29ರಂದು, ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಹಿಂಪಡೆದದ್ದು ಯಾರಿಗೂ ಫಾರ್ವರ್ಡ್ ಆಗಲಿಲ್ಲ, ಮೊದಲನೆಯದು ಇವತ್ತಿಗೂ ಓಡಾಡುತ್ತಿದೆ.

ಬರೀ ಆಧಾರ್ ನಂಬರ್ ಗೊತ್ತಾದರೆ ಬ್ಯಾಂಕಿನಿಂದ ದುಡ್ಡು ತೆಗೆಯಲು ಆಗುವುದಿಲ್ಲ. ಅದಕ್ಕೆ ನಿಮ್ಮ ಬೆರಳಚ್ಚೋ ಒಟಿಪಿಯೋ ಬೇಕು. ಆದರೂ ಮಾಸ್ಕ್ಡ್ ಆಧಾರ್ ಒಳ್ಳೆಯ ಅಭ್ಯಾಸವೇ, ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ವೋಟರ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ತೋರಿಸಿದರೂ ಸಾಮಾನ್ಯವಾಗಿ ಆಗುತ್ತದೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ ಕಾರಣ ಬೇಡ ಅನ್ನುತ್ತಾರೆ.

ನಿಜವಾದ ಅಪಾಯ ಬೇರೆ ಇದೆ. ಕೆಲವು ಲಾಡ್ಜುಗಳಲ್ಲಿ ಮೂಲ ಕಾರ್ಡನ್ನೇ ಕೌಂಟರಿನಲ್ಲಿ ಇಟ್ಟುಕೊಂಡು "ಹೋಗುವಾಗ ತಗೊಳ್ಳಿ" ಅನ್ನುತ್ತಾರೆ. ಬೆಳಗಿನ ಗಡಿಬಿಡಿಯಲ್ಲಿ ಅದು ಅಲ್ಲೇ ಉಳಿದರೆ ಬಂದರಿನಲ್ಲಿ ತೋರಿಸುವುದಕ್ಕೆ ಗುರುತಿನ ಚೀಟಿ ಇಲ್ಲ. ತೋರಿಸಿ, ಜೆರಾಕ್ಸ್ ಕೊಡಿ, ಮೂಲ ಕಾರ್ಡ್ ಮಾತ್ರ ಬಿಟ್ಟುಕೊಡಬೇಡಿ.

ಇದರ ತಮ್ಮನಂತಿರುವ ಇನ್ನೊಂದು ಸಂದೇಶ: ಕೋಣೆಯ ಕಾರ್ಡ್ ಕೀಯಲ್ಲಿ ನಿಮ್ಮ ಕ್ರೆಡಿಟ್ ಕಾರ್ಡ್ ನಂಬರ್ ಇರುತ್ತದೆ, ವಾಪಸ್ ಕೊಡಬೇಡಿ. ಇದು 2003ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಸಡೇನಾ ಪೊಲೀಸರ ಹೆಸರಿನಲ್ಲಿ ಹಬ್ಬಿದ ಇಮೇಲ್. ಆಮೇಲೆ ಪೊಲೀಸರೇ ಹಾಗೇನಿಲ್ಲ ಅಂದರು. ಆ ಕಾರ್ಡಿನಲ್ಲಿ ಇರುವುದು ಬಾಗಿಲು ತೆರೆಯುವ ಸಂಕೇತ ಮತ್ತು ಎಲ್ಲಿಯವರೆಗೆ ತೆರೆಯಬೇಕು ಎಂಬ ದಿನ-ಸಮಯ.

"ಉತ್ತರಕ್ಕ ತಲಿ ಹಾಕಿ ಮಲಗಿದ್ದಕ್ಕ ನಿದ್ದಿ ಹತ್ತಲಿಲ್ಲ"

ಲಾಡ್ಜಿನ ಮಂಚ ಎತ್ತ ಮುಖ ಮಾಡಿದೆಯೋ ಅತ್ತಲೇ ಮಲಗಬೇಕು. ನಿದ್ದೆ ಬರದಿದ್ದರೆ ದೂರು ದಿಕ್ಕಿನ ಮೇಲೆ. ಭೂಮಿ ಒಂದು ಅಯಸ್ಕಾಂತ, ರಕ್ತದಲ್ಲಿ ಕಬ್ಬಿಣ ಇದೆ, ಉತ್ತರಕ್ಕೆ ತಲೆ ಇಟ್ಟರೆ ರಕ್ತವೆಲ್ಲ ಮಿದುಳಿಗೆ ಸೆಳೆಯುತ್ತದೆ ಎಂದು ಫಾರ್ವರ್ಡ್ ವಿಜ್ಞಾನ ಹೇಳುತ್ತದೆ.

ನಮ್ಮ ಇಡೀ ದೇಹದಲ್ಲಿರುವ ಕಬ್ಬಿಣ ಮೂರು-ನಾಲ್ಕು ಗ್ರಾಂ ಅಷ್ಟೇ. ಅದೂ ಮೊಳೆಯ ಕಬ್ಬಿಣದಂತಲ್ಲ, ಹಿಮೋಗ್ಲೋಬಿನ್‌ನಲ್ಲಿ ಬೆಸೆದುಕೊಂಡಿರುವ ಒಂದೊಂದು ಪರಮಾಣು. ಆಮ್ಲಜನಕ ತುಂಬಿದ ರಕ್ತವನ್ನು ಅಯಸ್ಕಾಂತ ಸೆಳೆಯುವುದಿಲ್ಲ, ಬದಲಿಗೆ ಸ್ವಲ್ಪವೇ ಸ್ವಲ್ಪ ದೂಡುತ್ತದೆ. ಭೂಮಿಯ ಕಾಂತಕ್ಷೇತ್ರ ನಮ್ಮ ಕಡೆ ಸುಮಾರು 0.00004 ಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರ 1.5 ಟೆಸ್ಲಾ, ಅಂದರೆ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಅದರೊಳಗೆ ಅರ್ಧ ತಾಸು ಮಲಗಿ ಎದ್ದು ಬಂದವರ ರಕ್ತ ತಲೆಗೆ ಏರಿರುವುದಿಲ್ಲ. ಹಿರಿಯರ ಮಾತಿಗೆ ಗೌರವ ಕೊಟ್ಟು ದಿಕ್ಕು ಬದಲಿಸಿ ಮಲಗಿದರೆ ತಪ್ಪೇನಿಲ್ಲ. ಆದರೆ ನಾಳೆ ರಾತ್ರಿ ಹಡಗಿನಲ್ಲಿ ಏನು ಮಾಡುತ್ತೀರಿ? ಹಡಗು ತಿರುಗಿದಂತೆ ನಿಮ್ಮ ತಲೆಯ ದಿಕ್ಕೂ ತಿರುಗುತ್ತಲೇ ಇರುತ್ತದೆ.

ಹೊಸ ಜಾಗದಲ್ಲಿ ನಿದ್ದೆ ಸರಿಯಾಗಿ ಬರುವುದಿಲ್ಲ ಎಂಬ ಅನುಭವ ಮಾತ್ರ ಸುಳ್ಳಲ್ಲ. ನಿದ್ದೆಯ ಸಂಶೋಧಕರು ಇದನ್ನು 'ಮೊದಲ ರಾತ್ರಿಯ ಪರಿಣಾಮ' ಅನ್ನುತ್ತಾರೆ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗದ ನಿದ್ದೆ ಬಲಭಾಗದಷ್ಟು ಗಾಢವಾಗಿರಲಿಲ್ಲ. ಸಣ್ಣ ಸದ್ದಿಗೂ ಅದು ಬೇಗ ಪ್ರತಿಕ್ರಿಯಿಸುತ್ತಿತ್ತು. ಅದೇ ಜನ ಅದೇ ಜಾಗದಲ್ಲಿ ಇನ್ನೊಮ್ಮೆ ಮಲಗಿದಾಗ ಆ ವ್ಯತ್ಯಾಸ ಇರಲಿಲ್ಲ. ಹೊಲದಲ್ಲಿ ರಾಶಿ ಕಾಯುವವನ ಹಾಗೆ ಅರ್ಧ ಮಿದುಳು ಕಾವಲು ಕೂತಿರುತ್ತದೆ. ಮನೆಯ ಹೊದಿಕೆ ಒಯ್ಯುವುದು, ರಸ್ತೆ ಕಡೆಯ ಕೋಣೆ ಬೇಡ ಅನ್ನುವುದು, ಫ್ಯಾನಿನ ಒಂದೇ ಸಮನೆ ಸದ್ದು ಇವು ಕೆಲವರಿಗೆ ನೆರವಾಗುತ್ತವೆ. ಲಾಡ್ಜಿನ ಆ ಒಂದು ಅರೆನಿದ್ದೆ, ಸ್ಲೀಪರ್ ಬಸ್ಸಿನ ನಿದ್ದೆಗಿಂತ ಹೇಗೂ ಮೇಲು.

ಪೇಪರ್ ಮೇಲೆ ಕೂತರೆ ವಾಂತಿ ಆಗಲ್ಲವಾ?

ಸೀಟಿನ ಮೇಲೆ ನ್ಯೂಸ್‌ಪೇಪರ್ ಹಾಸಿ ಕೂರುವುದು, ಹೊಟ್ಟೆಯ ಮೇಲೆ ಪೇಪರ್ ಕಟ್ಟಿಕೊಳ್ಳುವುದು ನಮ್ಮ ಬಸ್ಸುಗಳಲ್ಲಿ ಹಳೆಯ ಮದ್ದು. ವಾಕರಿಕೆ ಹುಟ್ಟುವುದು ಕಿವಿಯೊಳಗಿನ ಸಮತೋಲನದ ಅಂಗ 'ಅಲುಗುತ್ತಿದ್ದೇವೆ' ಎಂದು ಹೇಳಿ, ಕಣ್ಣು 'ಕೋಣೆ ನಿಂತಲ್ಲೇ ಇದೆ' ಎಂದು ಹೇಳಿದಾಗ. ಪೇಪರ್ ಇದರಲ್ಲಿ ಏನೂ ಮಾಡುವುದಿಲ್ಲ. ಡೆಕ್ಕಿಗೆ ಬಂದು ದೂರದ ದಿಗಂತ ನೋಡಿದರೆ ಕಣ್ಣು-ಕಿವಿಯ ಜಗಳ ಕಡಿಮೆಯಾಗುತ್ತದೆ.

"ಖಾಲಿ ಹೊಟ್ಟೆಯಲ್ಲಿ ಹೋಗಿ" ಎಂಬುದೂ ಸರಿಯಲ್ಲ. ಹಿಂದಿನ ರಾತ್ರಿ ಬಿರಿಯಾನಿ ಹೊಡೆದು ಹತ್ತುವುದೂ ಬೇಡ, ಉಪವಾಸವೂ ಬೇಡ. ಹಗುರವಾಗಿ ಉಣ್ಣಿ. ಮಾತ್ರೆಯ ವಿಷಯದಲ್ಲಿ ಜನ ಮಾಡುವ ತಪ್ಪು, ವಾಂತಿ ಶುರುವಾದ ಮೇಲೆ ನುಂಗುವುದು. ಪ್ರೊಮೆಥಜಿನ್ ಜಾತಿಯ ಮಾತ್ರೆಗಳು ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತವೆ, ದೂರದ ಪ್ರಯಾಣಕ್ಕೆ ಹಿಂದಿನ ರಾತ್ರಿ ಮಲಗುವಾಗ ಎಂದೇ ಹೇಳುವುದುಂಟು. ಆದರೆ ತೂಕಡಿಕೆ ಬರುತ್ತದೆ, ಮದ್ಯದ ಜೊತೆ ಸೇರಬಾರದು, ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಗರ್ಭಿಣಿಯರು, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಊರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಬೇಕು. ಮುಂಬೈಯ ಮೆಡಿಕಲ್ ಅಂಗಡಿಯವನಿಗೆ ನಿಮ್ಮ ತಂದೆಯವರ ಹಳೆಯ ಚೀಟಿ ಗೊತ್ತಿರುವುದಿಲ್ಲ.