ಹೆಪ್ಪುಗಟ್ಟುವ ನೀರು, ಬಿರಿಯುವ ಪಂಪು

ಅಮೆರಿಕದ ಮಿನೆಸೋಟದಂಥ ಶೀತಪ್ರದೇಶದ ಎಷ್ಟೋ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿರುತ್ತಾರೆ. ಅದನ್ನು ತೊಳೆಯುವವರು ಪಂಪು, ನೀರು ಕಾಯಿಸುವ ಸಾಧನ, ಕೊಳವೆಗಳನ್ನು ವ್ಯಾನಿನಲ್ಲೇ ಜೋಡಿಸಿಕೊಂಡು ಬರುತ್ತಾರೆ. ಅಲ್ಲಿ ಜನವರಿಯ ರಾತ್ರಿ ಉಷ್ಣತೆ -20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಹೊರಗೆ ನಿಲ್ಲಿಸಿದ ವ್ಯಾನಿನ ಪಂಪು ಬೆಳಗಾಗುವಷ್ಟರಲ್ಲಿ ಬಿರುಕು ಬಿಟ್ಟರೆ ಮಾಲೀಕನ ಸಂಪಾದನೆ ನಿಂತಂತೆಯೇ.

ಹೆಪ್ಪುಗಟ್ಟಿದಾಗ ನೀರಿನ ಗಾತ್ರ ಸುಮಾರು 9% ಹೆಚ್ಚುತ್ತದೆಂಬುದು ನಿಮಗೆ ಗೊತ್ತು. ಆದರೆ ಕೊಳವೆ ಒಡೆಯುವುದು ಮಂಜುಗಡ್ಡೆಯಾದ ಜಾಗದಲ್ಲೇ ಎಂದೇನಿಲ್ಲ. ಬೆಳೆಯುವ ಗಡ್ಡೆ ಬಿರಡೆಯಂತೆ ಕುಳಿತು, ತನಗೂ ಮುಚ್ಚಿದ ಕವಾಟಕ್ಕೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತುತ್ತದೆ. ದ್ರವರೂಪದ ನೀರು ಒತ್ತಡಕ್ಕೆ ಕುಗ್ಗುವುದು ಅತ್ಯಲ್ಪ, ಲೋಹವೇ ಸೀಳುತ್ತದೆ.

ನೀರನ್ನು ಬಸಿದುಬಿಟ್ಟರಾಯಿತಲ್ಲ ಎನ್ನುವಿರಾ? ತಿರುವುಗಳಲ್ಲಿ, ಕವಾಟಗಳಲ್ಲಿ ಸ್ವಲ್ಪ ಉಳಿದೇ ಉಳಿಯುತ್ತದೆ. ಆದ್ದರಿಂದ ಪ್ರೊಪಿಲೀನ್ ಗ್ಲೈಕಾಲ್ ದ್ರಾವಣವನ್ನು ಇಡೀ ವ್ಯವಸ್ಥೆಯಲ್ಲಿ ಹಾಯಿಸುತ್ತಾರೆ. ಅದರ ಅಣುಗಳು ನೀರಿನ ಅಣುಗಳು ಸ್ಫಟಿಕವಾಗಿ ಜೋಡಣೆಗೊಳ್ಳದಂತೆ ಅಡ್ಡಿಪಡಿಸುತ್ತವೆ. ಅರ್ಧಕ್ಕರ್ಧ ಬೆರೆಸಿದ ದ್ರಾವಣದ ಘನೀಕರಣ ಬಿಂದು ಸುಮಾರು -33 ಡಿಗ್ರಿ. ಬೆಳಿಗ್ಗೆ ಅದನ್ನು ಡಬ್ಬಕ್ಕೆ ಹಿಂದಕ್ಕೆ ಪಡೆದು ಮತ್ತೆ ಬಳಸಬಹುದು. ಆದರೆ ಪ್ರತಿ ಸಲವೂ ನೀರು ಬೆರೆತು ತೆಳುವಾಗುತ್ತದೆ, ಹಾಗಾಗಿ ಗ್ಲೈಕಾಲಿನ ಪ್ರಮಾಣವನ್ನು ವಕ್ರೀಭವನ ಮಾಪಕದಿಂದ ಪರೀಕ್ಷಿಸಬೇಕು. ಎಥಿಲೀನ್ ಗ್ಲೈಕಾಲ್ ವಿಷ. ಮಕ್ಕಳು ಅಂಬೆಗಾಲಿಡುವ ಕಾರ್ಪೆಟ್ಟನ್ನು ತೊಳೆಯುವ ಯಂತ್ರಕ್ಕೆ ಅದು ಸಲ್ಲದು. ಉಪ್ಪು? ಅದೂ ಘನೀಕರಣ ಬಿಂದುವನ್ನು ಇಳಿಸುತ್ತದೆ, ಜೊತೆಗೆ ಲೋಹವನ್ನೂ ತಿನ್ನುತ್ತದೆ.

ವ್ಯಾನಿನೊಳಗೆ ವಿದ್ಯುತ್ ಹೀಟರ್ ಇಡುವುದೂ ರೂಢಿ. ನಡುರಾತ್ರಿ ಕರೆಂಟು ಹೋದರೆ ಅದು ನಿಷ್ಪ್ರಯೋಜಕ. ಮುಚ್ಚಿದ ವ್ಯಾನಿನಲ್ಲಿ ಅನಿಲದ ಒಲೆ ಉರಿಸುವುದಂತೂ ಕೂಡದು. ಅದರಿಂದ ಹೊಮ್ಮಬಹುದಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.